ಮಲೇರಿಯಾ: ತಾಯಿ ಕೊಟ್ಟ ಶಿಲ್ಕು ಎಷ್ಟು ತಿಂಗಳು?

ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಜೀವಶಾಸ್ತ್ರವನ್ನು ಎಸ್ಸೆಸ್ಸೆಲ್ಸಿಗೇ ಬಿಟ್ಟವಳು. ಆದರೂ ಈ ಸಲ ಮಲೇರಿಯಾ ಬಗ್ಗೆ ಬರೆಯುತ್ತಿದ್ದೇನೆ. ಕಾರಣ, ನಮ್ಮ ಮನೆಯಲ್ಲೇ ನಡೆದ ಸಂಗತಿ.

ನಮ್ಮ ಆಪಾ ಮದುವೆಯಾಗಿ ಮಂಗಳೂರಿನಲ್ಲಿದ್ದಾಳೆ. ಭಾವ ಅಲ್ಲಿ ಹೊಸ ಕಟ್ಟಡಗಳಿಗೆ ಟೈಲ್ಸ್ ಹಾಕುವ ಕೆಲಸ ಮಾಡುತ್ತಾರೆ. ಚೊಚ್ಚಲ ಹೆರಿಗೆಗೆಂದು ಆಪಾ ಏಳನೇ ತಿಂಗಳಲ್ಲಿ ಬ್ಯಾಡಗಿಗೆ ಬಂದಳು. ಬಂದ ವಾರದೊಳಗೆ ಜ್ವರ. ಮೊದಲು ಗಡಗಡ ನಡುಕ, ಆಮೇಲೆ ಮೈ ಸುಡುವ ಕಾವು, ಕೊನೆಗೆ ಬೆವರು. ಒಂದು ದಿನ ಬಿಟ್ಟು ಮತ್ತೆ ಅದೇ. ರಾಣೆಬೆನ್ನೂರಿನಿಂದ ಬಂದಿದ್ದ ನಾನಿ ನೋಡಿ, "ಇದು ಜಾಡೇ ಕಾ ಬುಖಾರ್. ಹುಡುಗಿಯಾಗಿದ್ದಾಗ ನನಗೂ ಬಂದಿತ್ತು. ತಡೆಯುವ ಶಕ್ತಿ ನಮ್ಮ ರಕ್ತದಲ್ಲೇ ಇದೆ, ಕುಚ್ ನೈ ಹೋತಾ" ಎಂದರು. ಏನೂ ಆಗುವುದಿಲ್ಲ ಎಂಬ ಆ ಮಾತು ನಂಬಿ ನಾವು ನಾಲ್ಕು ದಿನ ಕಳೆದೆವು.

ಐದನೇ ದಿನ ಆಶಾ ಕಾರ್ಯಕರ್ತೆ ಬಂದು ಬೆರಳು ಚುಚ್ಚಿ ರಕ್ತ ತೆಗೆದರು. ವೈವಾಕ್ಸ್ ಜಾತಿಯ ಮಲೇರಿಯಾ ಎಂದು ಗೊತ್ತಾಯಿತು. ಮಾತ್ರೆ ಕೊಟ್ಟ ಮೇಲೆ ಜ್ವರ ಇಳಿಯಿತು. ಆದರೆ ಮಗು ಹುಟ್ಟಿದಾಗ ಇದ್ದದ್ದು ಎರಡು ಕಿಲೋ ಇನ್ನೂರು ಗ್ರಾಂ. ತೂಕ ಕಡಿಮೆಯಾಗಲು ಆ ಜ್ವರವೂ ಒಂದು ಕಾರಣ ಇರಬಹುದು ಎಂದರು ಡಾಕ್ಟರು.

ಹಾಗಾದರೆ ನಾನಿ ಹೇಳಿದ್ದು ಪೂರ್ತಿ ಸುಳ್ಳೇ? ಈ ಪ್ರಶ್ನೆ ಹಿಡಿದು ನಮ್ಮ ಕಾಲೇಜಿನ ಜೀವಶಾಸ್ತ್ರ ಉಪನ್ಯಾಸಕರನ್ನು ಕೇಳಿದೆ, ಹಾವೇರಿಯ ಗ್ರಂಥಾಲಯದಲ್ಲಿ ಕುಳಿತು ಓದಿದೆ. ತಿಳಿದದ್ದನ್ನು ನನಗೆ ಬರುವ ಲೆಕ್ಕಪತ್ರದ ಭಾಷೆಯಲ್ಲೇ ಹೇಳುತ್ತೇನೆ.

ಆರಂಭದ ಶಿಲ್ಕು

ರೋಗಾಣು ಮೈಗೆ ಹೊಕ್ಕಾಗ ಅದನ್ನು ಎದುರಿಸಲು ರಕ್ತದಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳು ತಯಾರಾಗುತ್ತವೆ. ಇವುಗಳಲ್ಲಿ ಐಜಿಜಿ ಎಂಬ ಬಗೆ ಮಾಸನ್ನು ದಾಟಿ ತಾಯಿಯಿಂದ ಹೊಟ್ಟೆಯಲ್ಲಿರುವ ಮಗುವಿಗೆ ಹೋಗುತ್ತದೆ. ಹೆಚ್ಚಿನ ಪಾಲು ದಾಟುವುದು ಕೊನೆಯ ಮೂರು ತಿಂಗಳಲ್ಲಿ. ಇದೇ ಮಗುವಿನ ಖಾತೆಯ ಆರಂಭದ ಶಿಲ್ಕು. ಮಲೇರಿಯಾ ತುಂಬ ಇರುವ ಆಫ್ರಿಕಾದ ಊರುಗಳಲ್ಲಿ ಹುಟ್ಟಿದ ಮೊದಲ ಕೆಲವು ತಿಂಗಳು ಕೂಸುಗಳಿಗೆ ಈ ರೋಗ ಜೋರಾಗಿ ಬರುವುದು ಕಡಿಮೆ. ಭ್ರೂಣದ ಕಾಲದಿಂದ ಉಳಿದ ಬೇರೆ ಬಗೆಯ ಹಿಮೋಗ್ಲೋಬಿನ್ ಕೂಡ ಆಗ ನೆರವಾಗುತ್ತದೆ. ಅದರಲ್ಲಿ ಮಲೇರಿಯಾ ಜೀವಿ ಚೆನ್ನಾಗಿ ಬೆಳೆಯುವುದಿಲ್ಲ. ಅಷ್ಟರ ಮಟ್ಟಿಗೆ ನಾನಿಯ ಮಾತು ನಿಜ.

ಸವಕಳಿ

ಆದರೆ ಈ ಶಿಲ್ಕಿಗೆ ಸವಕಳಿ ಇದೆ. ಐಜಿಜಿ ಸುಮಾರು ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧವಾಗುತ್ತದೆ. ನಾವು ಯಂತ್ರದ ಬೆಲೆಗೆ ಪ್ರತಿ ವರ್ಷ ಉಳಿದ ಮೊತ್ತದ ಮೇಲೆ ಸವಕಳಿ ಹಾಕುವಂತೆಯೇ ಇದು. 100 ಇದ್ದದ್ದು 50, ಆಮೇಲೆ 25, ಆಮೇಲೆ ಹನ್ನೆರಡೂವರೆ. ಆರು ಸಲ ಅರ್ಧವಾದರೆ ಉಳಿಯುವುದು ಒಂದೂವರೆ. ಅಂದರೆ ಮಗು ಬೋರಲು ಬಿದ್ದು, ಕೂರಲು ಕಲಿಯುವ ಹೊತ್ತಿಗೆ ತಾಯಿ ಕೊಟ್ಟದ್ದು ಬಹುತೇಕ ಮುಗಿದಿರುತ್ತದೆ.

ಸ್ವಂತ ಗಳಿಕೆ

ಆಮೇಲೆ ಮಗು ತಾನೇ ಗಳಿಸಬೇಕು. 1961ರಲ್ಲಿ ಕೋಹೆನ್, ಮೆಕ್‌ಗ್ರೆಗರ್ ಮತ್ತು ಕ್ಯಾರಿಂಗ್ಟನ್ ಎಂಬ ವಿಜ್ಞಾನಿಗಳು ಗ್ಯಾಂಬಿಯಾ ದೇಶದ ಒಂದು ಪ್ರಯೋಗವನ್ನು ಪ್ರಕಟಿಸಿದರು. ಮಲೇರಿಯಾ ನಡುವೆಯೇ ಬೆಳೆದ ದೊಡ್ಡವರ ರಕ್ತದಿಂದ ಪ್ರತಿಕಾಯ ಬೇರ್ಪಡಿಸಿ ರೋಗದಿಂದ ನರಳುತ್ತಿದ್ದ ಮಕ್ಕಳಿಗೆ ಕೊಟ್ಟಾಗ, ಮಕ್ಕಳ ರಕ್ತದಲ್ಲಿದ್ದ ಮಲೇರಿಯಾ ಜೀವಿಗಳು ಬಹಳ ಇಳಿದವು. ದೊಡ್ಡವರನ್ನು ಕಾಯುತ್ತಿದ್ದದ್ದು ಪ್ರತಿಕಾಯ ಎಂಬುದಕ್ಕೆ ಇದು ಪುರಾವೆ.

ಆದರೆ ಆ ದೊಡ್ಡವರು ಅದನ್ನು ಗಳಿಸಿದ್ದು ಹೇಗೆ? ವರ್ಷಗಟ್ಟಲೆ, ಮತ್ತೆ ಮತ್ತೆ ಸೋಂಕು ತಗುಲಿ. ಒಂದೆರಡು ಜ್ವರಕ್ಕೆ ಅದು ಬರುವುದಿಲ್ಲ. ಅಂಥ ಊರುಗಳಲ್ಲಿ ಎಷ್ಟೋ ಮಕ್ಕಳು ಗಳಿಸುವ ಮುಂಚೆಯೇ ತೀರಿಹೋಗುತ್ತಾರೆ. ಮಲೇರಿಯಾ ಇಲ್ಲದ ಊರಿಗೆ ಬಂದು ನೆಲೆಸಿದರೆ ಗಳಿಸಿದ ಶಕ್ತಿಯೂ ಕರಗುತ್ತದೆ. ಬಡ್ಡಿ ಬೆಳೆಯುವ ಠೇವಣಿಯಲ್ಲ ಇದು.

ಬಸುರಿನ ಲೆಕ್ಕ ಬೇರೆ

ಫಾಲ್ಸಿಪಾರಂ ಜಾತಿಯ ಮಲೇರಿಯಾದಲ್ಲಿ ರೋಗ ಹಿಡಿದ ರಕ್ತಕಣಗಳು ಮಾಸಿಗೆ ಹೋಗಿ ಅಂಟಿಕೊಳ್ಳುತ್ತವೆ. ಅದಕ್ಕೆ ಅವು ತೊಡುವ ಪ್ರೋಟೀನು ಬೇರೆಯದೇ. ಹಿಂದೆ ಬಸುರಿಯಾಗದ ಹೆಂಗಸಿನ ಮೈ ಅದನ್ನು ಕಂಡೇ ಇರುವುದಿಲ್ಲ. ಹಾಗಾಗಿ ಮಲೇರಿಯಾ ಹೆಚ್ಚಿರುವ ಕಡೆ ಚೊಚ್ಚಲ ಬಸುರಿಗೇ ಅಪಾಯ ಹೆಚ್ಚು. ನಂತರದ ಬಸುರುಗಳಲ್ಲಿ ಅದಕ್ಕೂ ಪ್ರತಿಕಾಯ ಬೆಳೆಯುತ್ತದೆ. ನಮ್ಮಂಥ ಕಡಿಮೆ ಮಲೇರಿಯಾದ ಕಡೆ ಎಲ್ಲ ಬಸುರಿಯರಿಗೂ ಅಪಾಯವೇ. ವೈವಾಕ್ಸ್ ಕೂಡ ತಾಯಿಯ ರಕ್ತ ಕುಗ್ಗಿಸಿ ಮಗುವಿನ ತೂಕ ಇಳಿಸಬಲ್ಲದು.

ನಮ್ಮ ಊರಿನ ಖಾತೆ

ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅದಕ್ಕೂ ಮುಂಚೆ ನಮ್ಮ ಮೂರೂ ಊರು ಧಾರವಾಡ ಜಿಲ್ಲೆಯಲ್ಲಿದ್ದವು. 1946ರಲ್ಲಿ ಡಾ. ಡಿ. ಕೆ. ವಿಶ್ವನಾಥನ್ ಅವರ ಮುಂದಾಳುತನದಲ್ಲಿ ಧಾರವಾಡ ಮತ್ತು ಕೆನರಾ ಜಿಲ್ಲೆಗಳ ಹಳ್ಳಿಮನೆಗಳಲ್ಲಿ ಗೋಡೆಗೆ ಡಿಡಿಟಿ ಸಿಂಪಡಿಸಲು ಆರಂಭಿಸಿದರು. 1953ರಲ್ಲಿ ಇಡೀ ದೇಶಕ್ಕೆ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಬಂತು. ನಡುವೆ ಎಚ್ಚರ ತಪ್ಪಿ 1976ರಲ್ಲಿ ದೇಶದಲ್ಲಿ 64 ಲಕ್ಷ ಪ್ರಕರಣಗಳಾದವು. ನಾನಿಗೆ ಜ್ವರ ಬಂದದ್ದು ಆ ಕಾಲದಲ್ಲೇ. ಆಮೇಲೆ ಅಮ್ಮಿಗೂ ಬರಲಿಲ್ಲ, ಆಪಾಗೂ ಬರಲಿಲ್ಲ. ನಾನಿಯ ಶಿಲ್ಕು ಅಮ್ಮಿ ಕೂಸಾಗಿದ್ದಾಗಲೇ ಮುಗಿದಿತ್ತು. ಆಪಾ ಮಂಗಳೂರಿಗೆ ಹೋದದ್ದು ಖಾಲಿ ಖಾತೆಯೊಂದಿಗೆ.

ಇದು ದುಃಖದ ವಿಷಯವಲ್ಲ. ನಮ್ಮಲ್ಲಿ ಮಕ್ಕಳು ಆ ಬೆಲೆ ತೆರಬೇಕಾಗಿಲ್ಲ ಎಂದೇ ಅರ್ಥ. ಆದರೆ ಇಲ್ಲದ ಶಿಲ್ಕನ್ನು ನಂಬಿ ಚೆಕ್ ಬರೆಯಬಾರದು. ನಾವು ಆ ನಾಲ್ಕು ದಿನ ಮಾಡಿದ್ದು ಅದನ್ನೇ.

ಆದ್ದರಿಂದ ಗೆಳತಿಯರೇ, ಗೆಳೆಯರೇ, ಮನೆಯಲ್ಲಿ ಯಾರಿಗಾದರೂ, ಅದರಲ್ಲೂ ಬಸುರಿಗೆ ಅಥವಾ ಕೂಸಿಗೆ, ಚಳಿಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯೂ ಮಾತ್ರೆಯೂ ಉಚಿತ. ಬೇರೆ ಊರಿಗೆ ಹೋಗಿ ಬಂದದ್ದಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ವೈವಾಕ್ಸ್ ಜೀವಿ ಪಿತ್ತಜನಕಾಂಗದಲ್ಲಿ ಅಡಗಿದ್ದು ತಿಂಗಳುಗಳ ನಂತರವೂ ಮರಳಿ ಬರುತ್ತದೆ. ಅದನ್ನು ಅಳಿಸುವ ಪ್ರಿಮಾಕ್ವಿನ್ ಮಾತ್ರೆಯನ್ನು ಬಸುರಿಯರಿಗೆ ಕೊಡುವುದಿಲ್ಲ. ಹಾಗಾಗಿ ಒಮ್ಮೆ ಜ್ವರ ಬಿಟ್ಟಿತೆಂದು ಮರೆಯುವಂತಿಲ್ಲ.

ಮಗುವಿಗೆ ಈಗ ಐದು ತಿಂಗಳು. ಮೈ ತುಂಬಿಕೊಂಡಿದ್ದಾನೆ. ಮುಂದಿನ ವಾರ ಆಪಾ ಮಂಗಳೂರಿಗೆ ಹೊರಡುತ್ತಾಳೆ. ಅಮ್ಮಿ ಖಾರದಪುಡಿ ಕಟ್ಟಿಕೊಟ್ಟಿದ್ದಾರೆ. ಸೊಳ್ಳೆಪರದೆ ತಂದದ್ದು ನಾನಿ. ರಾಣೆಬೆನ್ನೂರಿನ ಸಂತೆಯಲ್ಲಿ ಚೌಕಾಸಿ ಮಾಡಿ ಎರಡು ಕೊಂಡಿದ್ದಾರೆ, ಒಂದು ದೊಡ್ಡದು, ಒಂದು ತೊಟ್ಟಿಲಿನದು.