ಗಡಿಯಾರಯಂತ್ರವಿಲ್ಲದೆ ನೀಹಾರಿಕೆಯ ಚಿತ್ರ

ಮಹಾವ್ಯಾಧನ ನಡುಪಟ್ಟಿಯ ಕೆಳಗೆ ಮಂಜಿನ ತುಣುಕಿನಂತೆ ತೋರುವ ನೀಹಾರಿಕೆಯನ್ನು ಮೊತ್ತಮೊದಲು ಛಾಯಾಚಿತ್ರದಲ್ಲಿ ಹಿಡಿದವನು ಅಮೆರಿಕದ ಹೆನ್ರಿ ಡ್ರೇಪರ್, 1880ರಲ್ಲಿ. ಸುಮಾರು 50 ನಿಮಿಷಗಳ ಕಾಲ ಗಡಿಯಾರಯಂತ್ರವು ಅವನ ದೂರದರ್ಶಕವನ್ನು ಆಕಾಶದೊಡನೆ ತಿರುಗಿಸುತ್ತಿದ್ದಿತು. ಅಂತಹ ಯಂತ್ರವಿಲ್ಲದ ನಾವೇನು ಮಾಡಬಹುದು?

ಭೂಮಿಯ ಆವರ್ತನೆಯಿಂದ ಆ ಭಾಗದ ಆಕಾಶವು ಸೆಕೆಂಡಿಗೆ 15 ವಿಕಲೆಗಳಷ್ಟು ಸರಿಯುತ್ತದೆ. (ವಿಕಲೆಯೆಂದರೆ ಒಂದು ಡಿಗ್ರಿಯ 3600ರಲ್ಲೊಂದು ಪಾಲು.) 50 ಮಿ.ಮೀ. ನಾಭಿದೂರದ ಮಸೂರದ ಹಿಂದೆ 4 ಮೈಕ್ರಾನ್ ಅಗಲದ ಒಂದು ಪಿಕ್ಸೆಲ್ ಆವರಿಸುವುದು ಸುಮಾರು 16 ವಿಕಲೆ. ಆದುದರಿಂದ ಮುಕ್ಕಾಲಿಯ ಮೇಲೆ ನಿಶ್ಚಲವಾಗಿ ನಿಂತ ಕ್ಯಾಮೆರಾದಲ್ಲಿ ನಕ್ಷತ್ರವು ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ಪಿಕ್ಸೆಲ್ ನಡೆಯುವುದು. ಎರಡು ಮೂರು ಸೆಕೆಂಡು ಮೀರಿದರೆ ಚುಕ್ಕೆ ಗೆರೆಯಾಗುತ್ತದೆ. 200 ಮಿ.ಮೀ. ಮಸೂರಕ್ಕಾದರೋ ಅರ್ಧ ಸೆಕೆಂಡೇ ಮಿತಿ!

ಇಷ್ಟರಲ್ಲಿ ನೀಹಾರಿಕೆ ಮೂಡುವುದೆ? ಮಸುಕಾಗಿ ಮೂಡುತ್ತದೆ. ಅಂತಹ 100 ಚಿತ್ರಗಳನ್ನು, ನಕ್ಷತ್ರದ ಮೇಲೆ ನಕ್ಷತ್ರ ಕೂಡುವಂತೆ ಗಣಕದಲ್ಲಿ ಸೇರಿಸಿದರೆ ನೀಹಾರಿಕೆಯ ಬೆಳಕು ನೂರ್ಮಡಿಯಾಗುತ್ತದೆ; ಅದನ್ನು ಮರೆಮಾಡುವ ಯಾದೃಚ್ಛಿಕ ಕಾಳುಗಳೋ, ಒಂದನ್ನೊಂದು ಭಾಗಶಃ ಅಳಿಸಿಕೊಂಡು ಹತ್ತರಷ್ಟೇ ಬೆಳೆಯುತ್ತವೆ. ಲಾಭ ಹತ್ತುಪಟ್ಟು. 400 ಚಿತ್ರಗಳಿಂದ ಇಪ್ಪತ್ತು ಪಟ್ಟು ಮಾತ್ರ: ಶ್ರಮ ನಾಲ್ಕರಷ್ಟು, ಫಲ ಎರಡರಷ್ಟು. ಕೊನೆಯಲ್ಲಿ ಮಸೂರಕ್ಕೆ ಮುಚ್ಚಳ ಹಾಕಿ, ಅಷ್ಟೇ ಅವಧಿಯ ಕೆಲವು ಕತ್ತಲೆಯ ಚಿತ್ರಗಳನ್ನೂ ತೆಗೆಯಬೇಕು. ಕ್ಯಾಮೆರಾದ ಸ್ಥಿರ ದೋಷಗಳನ್ನು ಅವುಗಳ ನೆರವಿನಿಂದ ಕಳೆಯಬಹುದು.