ಕೈಯಿಂದ ಬರೆದ ಗ್ರಾಮ ನಕ್ಷೆಗಳ ಶುದ್ಧೀಕರಣ: ಕಲೆ ಹೋಗಬೇಕು, ಗೆರೆ ಉಳಿಯಬೇಕು

ಅನೇಕ ಗ್ರಾಮ ಪಂಚಾಯಿತಿ ಕಚೇರಿಗಳ ಕಪಾಟುಗಳಲ್ಲಿ ಕೈಯಿಂದ ಬರೆದ ನಕ್ಷೆಗಳಿವೆ. ಕುಡಿಯುವ ನೀರಿನ ಕೊಳವೆ ಮಾರ್ಗ ಹಾಗೂ ವಾಲ್ವುಗಳನ್ನು ಗುರುತಿಸಿದ ಹಾಳೆಗಳು, ಸಹಭಾಗಿತ್ವ ಗ್ರಾಮೀಣ ಸಮೀಕ್ಷೆಯಲ್ಲಿ ಗ್ರಾಮಸ್ಥರೇ ಬರೆದ ಸಂಪನ್ಮೂಲ ನಕ್ಷೆಗಳು, ಕೆರೆ-ಕಾಲುವೆಗಳ ರೇಖಾಚಿತ್ರಗಳು ಇವುಗಳಲ್ಲಿ ಸೇರಿವೆ. ನೆಲದೊಳಗಿನ ಒಂದು ವಾಲ್ವು ಎಲ್ಲಿದೆ ಎಂಬ ಮಾಹಿತಿ ಕೆಲವೊಮ್ಮೆ ಇಂತಹ ಒಂದೇ ಹಾಳೆಯಲ್ಲಿ ಮತ್ತು ನೀರುಗಂಟಿಯ ನೆನಪಿನಲ್ಲಿ ಮಾತ್ರ ಉಳಿದಿರುತ್ತದೆ. ಕಾಗದವು ಮಡಿಕೆಗಳಲ್ಲಿ ಹರಿಯುವ ಮುನ್ನ ಅದನ್ನು ಸ್ಕ್ಯಾನ್ ಮಾಡಿ, ಓದಲು ಬರುವಂತೆ ಶುದ್ಧಗೊಳಿಸುವುದು ಅವಶ್ಯಕ. ಈ ಕೆಲಸವನ್ನು ಗಣಕಯಂತ್ರದಲ್ಲಿ ನಿರ್ವಹಿಸುವವರು ಸಿಬ್ಬಂದಿಯಾದರೂ, ಯಾವುದು ಕಲೆ, ಯಾವುದು ಗೆರೆ ಎಂದು ಹೇಳಬಲ್ಲವರು ಆಯಾ ವಾರ್ಡಿನ ಸದಸ್ಯರು. ಆದುದರಿಂದ ಸದಸ್ಯರಿಗೂ ಇದರ ಕ್ರಮ ತಿಳಿದಿರಬೇಕು. ಇಲ್ಲಿನ ವಿವರಣೆಯು ಉಚಿತವಾಗಿ ದೊರೆಯುವ ಜಿಂಪ್ ತಂತ್ರಾಂಶವನ್ನು ಅನುಸರಿಸಿದೆ.

1. ಸ್ಕ್ಯಾನ್ ಮಾಡುವ ಕ್ರಮ

ನಕ್ಷೆಯು ಕಪ್ಪು ಶಾಯಿಯಲ್ಲಿದ್ದರೂ ಸ್ಕ್ಯಾನ್ ಬಣ್ಣದಲ್ಲಿಯೇ ಇರತಕ್ಕದ್ದು. ಕಾಗದದ ಹಳದಿ ಕಲೆಯನ್ನು ಶಾಯಿಯಿಂದ ಬೇರ್ಪಡಿಸಲು ಬಣ್ಣದ ಮಾಹಿತಿಯೇ ಆಧಾರ. ಸಾಮಾನ್ಯ ಶಾಯಿಗೆ 300 ಡಿಪಿಐ ಸಾಕು. ಪೆನ್ಸಿಲಿನ ತೆಳು ಗೆರೆಗಳಿದ್ದರೆ 600 ಡಿಪಿಐ ಲೇಸು. 300 ಡಿಪಿಐನಲ್ಲಿ ಎ4 ಹಾಳೆಯೊಂದು 2480 × 3508 ಬಿಂದುಗಳ ಚಿತ್ರವಾಗುತ್ತದೆ. ದೊಡ್ಡ ಹಾಳೆಯನ್ನು ಭಾಗಗಳಾಗಿ ಸ್ಕ್ಯಾನ್ ಮಾಡುವಾಗ ಪ್ರತಿ ಭಾಗವೂ ಪಕ್ಕದ ಭಾಗದ ಮೇಲೆ ನಾಲ್ಕೈದು ಸೆಂಟಿಮೀಟರ್ ಹಾಯ್ದಿರಬೇಕು. ಇಲ್ಲವಾದರೆ ಜೋಡಣೆ ಹೊಂದುವುದಿಲ್ಲ. ಕಡತವನ್ನು ಟಿಫ್ ಅಥವಾ ಪಿಎನ್‌ಜಿ ರೂಪದಲ್ಲಿ ಉಳಿಸಬೇಕು. ಜೆಪೆಗ್ ರೂಪವು ಗೆರೆಗಳ ಅಂಚಿನಲ್ಲಿ ಮಸುಕನ್ನು ಉಂಟುಮಾಡುತ್ತದೆ.

2. ಮೂಲಪ್ರತಿಯ ರಕ್ಷಣೆ

ಸ್ಕ್ಯಾನ್ ಆದ ಮೂಲ ಕಡತವನ್ನು ಯಾವ ಕಾರಣಕ್ಕೂ ತಿದ್ದಬಾರದು. ಅದರ ಪ್ರತಿಯನ್ನು ತೆರೆದು, 'ಡೂಪ್ಲಿಕೇಟ್ ಲೇಯರ್' ಮೂಲಕ ಇನ್ನೊಂದು ಪದರವನ್ನು ಮಾಡಿಕೊಂಡು, ಮೇಲಿನ ಪದರದಲ್ಲಿ ಮಾತ್ರ ಕೆಲಸ ಮಾಡಬೇಕು. ಮೇಲಿನ ಪದರವನ್ನು ಮರೆಮಾಡಿದೊಡನೆ ಮೂಲರೂಪವು ಕಾಣಿಸುವುದರಿಂದ, ಅಳಿಸಿದ್ದೇನೆಂಬುದನ್ನು ಯಾವಾಗ ಬೇಕಾದರೂ ಪರಿಶೀಲಿಸಬಹುದು. ವಾರೆಯಾದ ನಕ್ಷೆಯನ್ನು ನೇರಗೊಳಿಸುವಾಗ ಎರಡು ಪದರಗಳನ್ನೂ ಒಟ್ಟಿಗೆ ತಿರುಗಿಸಬೇಕು. ಒಂದು ದಿಕ್ಕಿಗೆ ಎಳೆದು ಹಿಗ್ಗಿಸಬಾರದು. ಹಿಗ್ಗಿಸಿದರೆ ಅಳತೆಯ ಪ್ರಮಾಣ ಕೆಡುತ್ತದೆ.

3. ಕಲೆ ಮತ್ತು ನೆರಳಿನ ನಿವಾರಣೆ

ಬಣ್ಣದ ಚಿತ್ರವು ಕೆಂಪು, ಹಸಿರು, ನೀಲಿ ಎಂಬ ಮೂರು ಚಾನೆಲ್‌ಗಳಿಂದ ಕೂಡಿರುತ್ತದೆ. ಹಳದಿ ಅಥವಾ ಕಂದು ಕಲೆಯು ನೀಲಿ ಚಾನೆಲ್‌ನಲ್ಲಿ ಗಾಢವಾಗಿಯೂ ಕೆಂಪು ಚಾನೆಲ್‌ನಲ್ಲಿ ಬಹುತೇಕ ಅಗೋಚರವಾಗಿಯೂ ಇರುತ್ತದೆ. ಆದುದರಿಂದ 'ಡಿಕಂಪೋಸ್' ಆಜ್ಞೆಯಿಂದ ಚಾನೆಲ್‌ಗಳನ್ನು ಬೇರ್ಪಡಿಸಿ ಕೆಂಪು ಚಾನೆಲನ್ನು ಆರಿಸಿಕೊಂಡರೆ ಕಲೆಯ ಬಹುಭಾಗ ತಾನಾಗಿಯೇ ಮರೆಯಾಗುತ್ತದೆ. ಆದರೆ ಕೆಂಪು ಶಾಯಿಯಲ್ಲಿ ಬರೆದ ಗೆರೆಗಳೂ ಅದೇ ಚಾನೆಲ್‌ನಲ್ಲಿ ಕಾಗದದೊಡನೆ ಬೆರೆತು ಮಾಯವಾಗುತ್ತವೆ. ಕೊಳವೆ ಮಾರ್ಗವನ್ನು ಕೆಂಪಿನಲ್ಲಿ ಗುರುತಿಸಿದ ನಕ್ಷೆಗೆ ಈ ವಿಧಾನ ಸಲ್ಲದು.

ಮಡಿಕೆಯ ನೆರಳು ಹರಡಿದ್ದರೆ ಅನ್ಯ ಉಪಾಯವಿದೆ. ಕೆಲಸದ ಪದರದ ಇನ್ನೊಂದು ಪ್ರತಿಯನ್ನು ಮೇಲಿರಿಸಿ, 'ಗಾಸಿಯನ್ ಬ್ಲರ್' ಮೂಲಕ ಗೆರೆಗಳು ಕರಗಿ ಕಾಗದದ ಛಾಯೆ ಮಾತ್ರ ಉಳಿಯುವಷ್ಟು ಮಸುಕುಗೊಳಿಸಿ, ಅದರ ಮೋಡ್ ಅನ್ನು 'ಡಿವೈಡ್' ಎಂದು ಬದಲಿಸಬೇಕು. ಆಗ ಹಿನ್ನೆಲೆ ಸಮನಾಗಿ ಬಿಳಿಯಾಗುತ್ತದೆ. ಇಲ್ಲಿಯೂ ಎಚ್ಚರ ಅಗತ್ಯ: ಕೆರೆಯ ಅಂಗಳಕ್ಕೆ ಬಳಿದ ನೀಲಿಯಂತಹ ವಿಶಾಲ ಬಣ್ಣವನ್ನು ತಂತ್ರಾಂಶವು ನೆರಳೆಂದೇ ಎಣಿಸಿ ಅಳಿಸಿಬಿಡುತ್ತದೆ.

4. ಗೆರೆಗಳನ್ನು ಸ್ಪಷ್ಟಗೊಳಿಸುವುದು

ಅವಸರದಲ್ಲಿ ಹಲವರು 'ಥ್ರೆಶೋಲ್ಡ್' ಬಳಸುತ್ತಾರೆ. ಅದು ಪ್ರತಿ ಬಿಂದುವನ್ನೂ ಪೂರ್ಣ ಕಪ್ಪು ಅಥವಾ ಪೂರ್ಣ ಬಿಳಿ ಮಾಡುತ್ತದೆ. ಬೆಳಕಿನ ಮಾಪನವು 0 ಯಿಂದ 255 ರವರೆಗೆ ಇರುತ್ತದೆ. ಶಾಯಿಯ ಗೆರೆ 50 ರಲ್ಲಿಯೂ ಪೆನ್ಸಿಲಿನ ಗೆರೆ 180 ರಲ್ಲಿಯೂ ಇದ್ದು, ಮಿತಿಯನ್ನು 127 ಕ್ಕೆ ಇರಿಸಿದರೆ ಪೆನ್ಸಿಲಿನ ಗೆರೆ ಸಂಪೂರ್ಣ ಅಳಿಯುತ್ತದೆ. 'ಲೆವೆಲ್ಸ್' ಸುರಕ್ಷಿತ. ಅದರಲ್ಲಿ ಬಿಳಿಯ ಸೂಚಕವನ್ನು ಕಾಗದದ ಛಾಯೆಯವರೆಗೆ ಮಾತ್ರ ಎಡಕ್ಕೆ ಸರಿಸಬೇಕು. ಪೆನ್ಸಿಲಿನ ಮಟ್ಟವನ್ನು ದಾಟಬಾರದು.

ಚುಕ್ಕೆಗಳನ್ನು ಅಳಿಸುವ 'ಡಿಸ್ಪೆಕಲ್' ಸಾಧನವನ್ನೂ ಮಿತವಾಗಿ ಬಳಸಬೇಕು. ಚುಕ್ಕೆಗಳ ಸಾಲು ಕಾಲುದಾರಿಯ ಚಿಹ್ನೆಯಾಗಿರಬಹುದು, ಒಂಟಿ ಚುಕ್ಕೆ ಕೊಳವೆಬಾವಿಯೂ ಆಗಿರಬಹುದು. ಸಂಶಯವಿದ್ದ ಗುರುತನ್ನು ಉಳಿಸತಕ್ಕದ್ದು. ಹೊಸದಾಗಿ ಬರೆಯುವ ಹೆಸರು, ಸಂಖ್ಯೆಗಳು ಪ್ರತ್ಯೇಕ ಪದರದಲ್ಲಿರಬೇಕು. ಹಳೆಯ ಬರಹ ಯಾವುದು, ಇಂದಿನದು ಯಾವುದು ಎಂಬುದು ಎಂದಿಗೂ ಬೆರೆಯಬಾರದು.

5. ಸದಸ್ಯರ ಪರಿಶೀಲನೆ

ಅಂತಿಮಗೊಳಿಸುವ ಮುನ್ನ ಮೂಲ ಹಾಳೆ ಮತ್ತು ಶುದ್ಧಪ್ರತಿಯ ಮುದ್ರಣವನ್ನು ಅಕ್ಕಪಕ್ಕದಲ್ಲಿರಿಸಿ, ವಾರ್ಡ್ ಸದಸ್ಯರು, ನೀರುಗಂಟಿ ಹಾಗೂ ಊರಿನ ಹಿರಿಯರು ಒಂದೊಂದು ಗೆರೆಯನ್ನೂ ಹೋಲಿಸಿ ನೋಡುವುದು ಉಚಿತ. ಬಂಡಿದಾರಿ, ಹಳ್ಳ, ಕಾಲುವೆಗಳ ಗೆರೆಗಳ ಬಗ್ಗೆ ವಿಶೇಷ ಗಮನವಿರಲಿ. ಇವು ಸಾರ್ವಜನಿಕ ಉಪಯೋಗದ 'ಬ' ಖರಾಬಿಗೆ ಸೇರಿರಬಹುದು. ನಕ್ಷೆಯಿಂದ ಗೆರೆ ಅಳಿದ ಮಾತ್ರಕ್ಕೆ ದಾರಿಯ ಹಕ್ಕು ಅಳಿಯುವುದಿಲ್ಲ. ಆದರೆ ಮುಂದೆ ಯೋಜನೆ ರೂಪಿಸುವವರ ಕಣ್ಣಿಗೆ ಆ ದಾರಿ ಬೀಳುವುದೇ ಇಲ್ಲ.

ಪದರಗಳಿರುವ ಕಡತವನ್ನು ಎಕ್ಸ್‌ಸಿಎಫ್ ರೂಪದಲ್ಲಿಯೂ ಬಳಕೆಯ ಪ್ರತಿಯನ್ನು ಪಿಎನ್‌ಜಿ ಅಥವಾ ಪಿಡಿಎಫ್ ರೂಪದಲ್ಲಿಯೂ ಇರಿಸಿ, ಗ್ರಾಮದ ಹೆಸರು, ವಿಷಯ, ಸ್ಕ್ಯಾನ್ ಮಾಡಿದ ದಿನಾಂಕಗಳನ್ನು ಕಡತದ ಹೆಸರಿನಲ್ಲಿಯೇ ನಮೂದಿಸಬೇಕು. ಒಂದು ಪ್ರತಿ ಬೇರೊಂದು ಸಾಧನದಲ್ಲಿಯೂ ಇರಲಿ. ಮುದ್ರಣದಲ್ಲಿ ಹಾಳೆಯ ಗಾತ್ರ ಬದಲಾದರೆ '1 ಸೆಂಟಿಮೀಟರಿಗೆ ಇಷ್ಟು ಮೀಟರ್' ಎಂಬ ಬರಹ ತಪ್ಪಾಗುತ್ತದೆ. ನಕ್ಷೆಯೊಡನೆ ಹಿಗ್ಗಿ ಕುಗ್ಗುವ ಅಳತೆಪಟ್ಟಿಯನ್ನು ಚಿತ್ರದೊಳಗೇ ಸೇರಿಸುವುದು ಸರಿಯಾದ ಕ್ರಮ.

ಇಂತಹ ನಕ್ಷೆಯು ಯೋಜನೆ ಮತ್ತು ನಿರ್ವಹಣೆಗೆ ಸಹಾಯಕ ದಾಖಲೆಯೇ ಹೊರತು ಜಮೀನಿನ ಗಡಿಗೆ ಪುರಾವೆಯಲ್ಲ. ಗಡಿಯ ಪ್ರಶ್ನೆ ಉದ್ಭವಿಸಿದಲ್ಲಿ ಭೂಮಾಪನ ಇಲಾಖೆಯ ದಾಖಲೆಗಳನ್ನೇ ನೋಡತಕ್ಕದ್ದು. ಶುದ್ಧಪ್ರತಿ ಸಿದ್ಧವಾದ ಬಳಿಕವೂ ಮೂಲ ಹಾಳೆಯನ್ನು ಮಡಿಸದೆ, ತೇವ ಮತ್ತು ಗೆದ್ದಲು ತಾಗದಂತೆ, ಚಪ್ಪಟೆಯಾಗಿ ಕಾಪಾಡಬೇಕು. ಶುದ್ಧಪ್ರತಿಯಲ್ಲಿ ಸಂದೇಹ ಬಂದಾಗ ಅಂತಿಮವಾಗಿ ನೋಡಬೇಕಾದುದು ಆ ಹಾಳೆಯನ್ನೇ.