ಮೋಡದಲ್ಲಿಟ್ಟ ಮಳೆಯ ಲೆಕ್ಕ



ಕಳೆದ ವರ್ಷ ಮಳೆಗಾಲ ಶುರುವಾಗುವಾಗ ನಮ್ಮ ಶಾಲೆಯ ಎಂಟನೇ ತರಗತಿಯ ಮಕ್ಕಳು ಒಂದು ಮಳೆಮಾಪಕ ಮಾಡಿದರು. ದೊಡ್ಡದೊಂದು ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗು ಮಾಡಿ ಆಲಿಕೆಯ ಹಾಗೆ ಇಟ್ಟು, ಬದಿಗೆ ಸ್ಕೇಲು ಅಂಟಿಸಿದ ಸಾದಾ ಉಪಕರಣ. ಜೂನ್ 1ರಿಂದ ದಿನಾ ಬೆಳಿಗ್ಗೆ ಎಂಟೂವರೆಗೆ ಅಳತೆ. ನಮ್ಮ ದೇಶದ ಹವಾಮಾನ ಇಲಾಖೆಯವರು ಮಳೆ ಅಳೆಯುವ ಹೊತ್ತೂ ಅದೇ. ನೀರಿನ ಮಟ್ಟವನ್ನು ನನ್ನ ಟ್ಯಾಬ್ಲೆಟ್ಟಿನಲ್ಲಿ ಒಂದು ಕೋಷ್ಟಕಕ್ಕೆ ಸೇರಿಸುವುದು, ಜೊತೆಗೆ ಒಂದು ಫೋಟೋ ತೆಗೆಯುವುದು. ಉಪಜಿಲ್ಲಾ ಶಾಸ್ತ್ರೋತ್ಸವಕ್ಕೆ ಇದನ್ನೇ ಕೊಂಡೊಯ್ಯುವುದು ಅಂತ ಮಕ್ಕಳು ತೀರ್ಮಾನಿಸಿದ್ದರು.

ಕಾಸರಗೋಡಿನ ಜುಲೈ ಮಳೆ ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಜುಲೈ 22ರ ಸಂಜೆ ಬೈಕಿನಲ್ಲಿ ಮನೆಗೆ ಹೋಗುವಾಗ ಬ್ಯಾಗಿನೊಳಗೆ ನೀರು ನುಗ್ಗಿತು. ಟ್ಯಾಬ್ಲೆಟ್ ಆಫ್ ಆದದ್ದು ಮತ್ತೆ ಆನ್ ಆಗಲೇ ಇಲ್ಲ. ರಿಪೇರಿಯವರು ಬಿಚ್ಚಿ ನೋಡಿ, "ಬೋರ್ಡೇ ಹೋಗಿದೆ ಸರ್" ಅಂದರು. 52 ದಿನಗಳ ಲೆಕ್ಕ, 52 ಫೋಟೋ, ಎಲ್ಲವೂ ಅದರೊಳಗೆ.

ಮರುದಿನ ತರಗತಿಯಲ್ಲಿ ವಿಷಯ ಹೇಳುವಾಗ ನನಗೆ ನಾಚಿಕೆಯಾಗಿತ್ತು. ಆಗ ಹಿಂದಿನ ಬೆಂಚಿನಿಂದ ಒಬ್ಬ ಹುಡುಗಿ ಎದ್ದು ನಿಂತು, "ಮಾಷ್ಟ್ರೇ, ನಾನು ಅಳೆಯಲು ಹೋದ ದಿನದ್ದೆಲ್ಲ ರಫ್ ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ" ಅಂದಳು. ಎಣಿಸಿದೆವು, 31 ದಿನದ್ದು ಸಿಕ್ಕಿತು. ಉಳಿದ 21 ದಿನದ್ದು ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ. ಆಮ್ಲ ಪ್ರತ್ಯಾಮ್ಲದ ಪ್ರಯೋಗ ತಪ್ಪಿದರೆ ನಾಳೆ ಪುನಃ ಮಾಡಬಹುದು. ಬಿದ್ದು ಹರಿದುಹೋದ ಮಳೆಯನ್ನು ಪುನಃ ಅಳೆಯಲಿಕ್ಕಾಗುವುದಿಲ್ಲ.

ತಪ್ಪು ಮಳೆಯದ್ದಲ್ಲ, ಟ್ಯಾಬ್ಲೆಟ್ಟಿನದ್ದೂ ಅಲ್ಲ. ಒಂದೇ ಒಂದು ಪ್ರತಿ ಇಟ್ಟುಕೊಂಡ ನನ್ನದು. ಹಾಗಾಗಿ ಈ ಸಲದ ಪಾಠ ಕ್ಲೌಡ್ ಸಂಗ್ರಹದ ಬಗ್ಗೆ. ಶಾಲೆಯ ಟ್ಯಾಬ್ಲೆಟ್ ಇರಲಿ, ಮನೆಯದ್ದಿರಲಿ, ಇದನ್ನು ನೀವೇ ಮಾಡಿಕೊಳ್ಳಬಹುದು.

ಕ್ಲೌಡ್ ಎಲ್ಲಿದೆ?

ಹೆಸರು ಮೋಡ ಅಂತ ಇದ್ದರೂ ಅದು ಆಕಾಶದಲ್ಲಿಲ್ಲ, ನೆಲದ ಮೇಲೆಯೇ ಇದೆ. ಜಾಲದ ನಕ್ಷೆ ಬರೆಯುವಾಗ, ಒಳಗೆ ಏನೇನಿದೆ ಅಂತ ವಿವರವಾಗಿ ತೋರಿಸಬೇಕಾಗಿಲ್ಲದ ಭಾಗಕ್ಕೆ ಎಂಜಿನಿಯರುಗಳು ಒಂದು ಮೋಡದ ಚಿತ್ರ ಬರೆದುಬಿಡುತ್ತಿದ್ದರು. ಆ ಚಿತ್ರದಿಂದ ಹೆಸರು ಬಂತು. ನಿಜವಾಗಿ ಅದು ಸಾವಿರಾರು ಕಂಪ್ಯೂಟರುಗಳನ್ನು ಸಾಲುಸಾಲಾಗಿ ಜೋಡಿಸಿದ ದೊಡ್ಡ ಕಟ್ಟಡ. ಅಲ್ಲಿ ಕರೆಂಟು ಹೋಗದ ಹಾಗೆ ಜನರೇಟರು, ಯಂತ್ರಗಳು ಬಿಸಿಯಾಗದ ಹಾಗೆ ತಂಪಿನ ವ್ಯವಸ್ಥೆ, ಎಲ್ಲ ಇರುತ್ತದೆ. ಇದಕ್ಕೆ ದತ್ತಾಂಶ ಕೇಂದ್ರ ಎನ್ನುತ್ತಾರೆ.

ನಿಮ್ಮ ಫೋಟೋ ಅಲ್ಲಿಗೆ ಹೋಗುವುದು ಹೇಗೆ? ಟ್ಯಾಬ್ಲೆಟ್ಟಿನಿಂದ ರೂಟರಿನ ತನಕ ವೈಫೈ, ಅಂದರೆ ರೇಡಿಯೋ ತರಂಗ. ಅಲ್ಲಿಂದ ಮುಂದೆ ಹೆಚ್ಚಿನ ದಾರಿಯೆಲ್ಲ ಕೂದಲೆಳೆಯಷ್ಟು ತೆಳ್ಳಗಿನ ಗಾಜಿನ ಎಳೆಗಳಲ್ಲಿ ಬೆಳಕಾಗಿ ಹೋಗುತ್ತದೆ. ಬೆಳಕು ಎಳೆಯಿಂದ ಹೊರಗೆ ಸೋರಿಹೋಗದೆ ಒಳಗೊಳಗೇ ಮುಂದೆ ಸಾಗಲು ಕಾರಣ ಪೂರ್ಣ ಆಂತರಿಕ ಪ್ರತಿಫಲನ. ಬೆಳಕಿನ ಪಾಠದಲ್ಲಿ ನೀವು ಓದುವ ಅದೇ ತತ್ವ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಹಾಗಾಗಿ ಕೇಂದ್ರ ಎಷ್ಟೇ ದೂರದಲ್ಲಿದ್ದರೂ ನಮಗೆ ದೂರ ಅನ್ನಿಸುವುದಿಲ್ಲ.

ಒಂದು ಮಾತು ನೆನಪಿರಲಿ. ಕ್ಲೌಡ್ ಅಂದರೆ ಬೇರೆಯವರ ಕಂಪ್ಯೂಟರು. ಅಲ್ಲಿ ನಿಮ್ಮ ಫೈಲನ್ನು ಒಂದಕ್ಕಿಂತ ಹೆಚ್ಚು ಡಿಸ್ಕುಗಳಲ್ಲಿ ಇಡುತ್ತಾರೆ, ಒಂದು ಕೆಟ್ಟರೆ ಇನ್ನೊಂದಿರುತ್ತದೆ. ಆದರೆ ಬಾಗಿಲು ತೆರೆಯುವ ಕೀಲಿ ನಿಮ್ಮ ಖಾತೆ ಮತ್ತು ಪಾಸ್‌ವರ್ಡ್. ಅದು ಕಳೆದರೆ ಫೈಲು ಭದ್ರವಾಗಿದ್ದೂ ನಿಮಗೆ ಸಿಗುವುದಿಲ್ಲ.

ಎಷ್ಟು ಜಾಗ, ಎಷ್ಟು ಹೊತ್ತು?

ಗೂಗಲ್ ಡ್ರೈವ್ ಒಂದು ಖಾತೆಗೆ 15 ಜಿಬಿ ಜಾಗವನ್ನು ಉಚಿತವಾಗಿ ಕೊಡುತ್ತದೆ. ಜಿಮೇಲ್, ಗೂಗಲ್ ಫೋಟೋಸ್, ಡ್ರೈವ್ ಮೂರಕ್ಕೂ ಸೇರಿ ಇಷ್ಟು. ಮೈಕ್ರೋಸಾಫ್ಟಿನ ಒನ್‌ಡ್ರೈವ್ ಮತ್ತು ಆಪಲ್‌ನ ಐಕ್ಲೌಡ್ 5 ಜಿಬಿ ಕೊಡುತ್ತವೆ. ಶಾಲೆಗಳಲ್ಲಿರುವ ಹೆಚ್ಚಿನ ಟ್ಯಾಬ್ಲೆಟ್ಟುಗಳು ಆಂಡ್ರಾಯ್ಡ್ ಆದ ಕಾರಣ ಇಲ್ಲಿ ಡ್ರೈವನ್ನೇ ಉದಾಹರಣೆಗೆ ತೆಗೆದುಕೊಳ್ಳುತ್ತೇನೆ.

ಈಗ ಲೆಕ್ಕ ಮಾಡೋಣ. ಒಂದು ಫೋಟೋ 3 ಎಂಬಿ ಅಂತಿಟ್ಟುಕೊಳ್ಳಿ. 15 ಜಿಬಿ ಅಂದರೆ ಸುಮಾರು 15,000 ಎಂಬಿ. ಮೂರರಿಂದ ಭಾಗಿಸಿದರೆ 5,000 ಫೋಟೋ. ನಮ್ಮ 52 ಫೋಟೋಗಳಿಗೆ ಬೇಕಾದದ್ದು ಬರೇ 156 ಎಂಬಿ.

ಸಮಯ ಎಷ್ಟು ಬೇಕು? ಇಲ್ಲಿ ತುಂಬ ಮಂದಿ ಎಡವುತ್ತಾರೆ. ಫೈಲಿನ ಗಾತ್ರವನ್ನು ಬೈಟಿನಲ್ಲಿ ಹೇಳುತ್ತಾರೆ, ನೆಟ್ಟಿನ ವೇಗವನ್ನು ಬಿಟ್ಟಿನಲ್ಲಿ ಹೇಳುತ್ತಾರೆ. 8 ಬಿಟ್ ಸೇರಿದರೆ 1 ಬೈಟ್. ಹಾಗಾದರೆ 3 ಮೆಗಾಬೈಟ್ ಅಂದರೆ 24 ಮೆಗಾಬಿಟ್. ಅಪ್‌ಲೋಡ್ ವೇಗ ಸೆಕೆಂಡಿಗೆ 2 ಮೆಗಾಬಿಟ್ ಇದ್ದರೆ ಒಂದು ಫೋಟೋಕ್ಕೆ 12 ಸೆಕೆಂಡ್. 52 ಫೋಟೋಕ್ಕೆ 624 ಸೆಕೆಂಡ್, ಅಂದರೆ ಹತ್ತೂವರೆ ನಿಮಿಷಕ್ಕೂ ಕಡಿಮೆ.

ಈ ಲೆಕ್ಕ ಮಾಡಿದ ದಿನ ನನಗೆ ಹೆಚ್ಚು ಬೇಜಾರಾಯಿತು. ಒಂದು ಇಂಟರ್ವೆಲ್ಲಿನ ಹೊತ್ತು ಸಾಕಿತ್ತು.

ಶುರು ಮಾಡುವುದು ಹೀಗೆ

1. ಖಾತೆ. 13 ವರ್ಷ ತುಂಬದವರು ಸ್ವಂತವಾಗಿ ಗೂಗಲ್ ಖಾತೆ ತೆರೆಯುವ ಹಾಗಿಲ್ಲ, ಅಪ್ಪ ಅಮ್ಮ ನೋಡಿಕೊಳ್ಳುವ ಖಾತೆ ಬೇಕು. 13 ತುಂಬಿದವರೂ ಮನೆಯವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ತೆರೆಯಿರಿ. ಖಾತೆಗೆ ಮನೆಯವರ ಫೋನ್ ನಂಬರ್ ಸೇರಿಸಿ. ಪಾಸ್‌ವರ್ಡ್ ಮರೆತರೆ ಆ ನಂಬರು ಸಹಾಯಕ್ಕೆ ಬರುತ್ತದೆ. ಸುಳ್ಳು ಹುಟ್ಟಿದ ದಿನ ಹಾಕಬೇಡಿ.

2. ಆ್ಯಪ್. ಹೆಚ್ಚಿನ ಆಂಡ್ರಾಯ್ಡ್ ಟ್ಯಾಬ್ಲೆಟ್ಟುಗಳಲ್ಲಿ ಡ್ರೈವ್ ಮೊದಲೇ ಇರುತ್ತದೆ. ಇಲ್ಲದಿದ್ದರೆ ಪ್ಲೇ ಸ್ಟೋರಿನಿಂದ ಹಾಕಿಕೊಳ್ಳಿ. ಟ್ಯಾಬ್ಲೆಟ್ಟಿನ ಸೆಟ್ಟಿಂಗ್ಸಿನಲ್ಲಿ ಭಾಷೆಯನ್ನು ಕನ್ನಡ ಅಂತ ಬದಲಿಸಿದರೆ ಡ್ರೈವ್ ಕೂಡ ಕನ್ನಡದಲ್ಲಿ ಕಾಣುತ್ತದೆ.

3. ಫೋಲ್ಡರು. ಕೆಳಗೆ ಬಲಬದಿಯಲ್ಲಿರುವ ಕೂಡಿಸು ಚಿಹ್ನೆ ಒತ್ತಿ. ಮೊದಲು ಫೋಲ್ಡರು ಮಾಡಿ, ಆಮೇಲೆ ಅದರೊಳಗೆ ಹೋಗಿ ಅದೇ ಚಿಹ್ನೆ ಒತ್ತಿ ಫೈಲುಗಳನ್ನು ಅಪ್‌ಲೋಡ್ ಮಾಡಿ. ವಿಷಯಕ್ಕೊಂದು ಫೋಲ್ಡರು ಸಾಕು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಹುಡುಕಲೂಬಹುದು.

4. ಫೈಲಿನ ಹೆಸರು. "ಫೋಟೋ ಹೊಸದು" ಅಂತ ಇಟ್ಟರೆ ಒಂದು ತಿಂಗಳ ಮೇಲೆ ನಿಮಗೇ ತಿಳಿಯುವುದಿಲ್ಲ. "2025-06-01 ಮಳೆ" ಅಂತ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಬರೆಯಿರಿ. ಆಗ ಹೆಸರಿನ ಪ್ರಕಾರ ಜೋಡಿಸಿದರೆ ದಿನಾಂಕದ ಪ್ರಕಾರವೂ ತಾನಾಗಿ ಜೋಡಣೆಯಾಗುತ್ತದೆ.

5. ವೈಫೈ. ಡ್ರೈವಿನ ಸೆಟ್ಟಿಂಗ್ಸಿನಲ್ಲಿ ವೈಫೈ ಇದ್ದಾಗ ಮಾತ್ರ ಫೈಲು ಕಳುಹಿಸುವ ಆಯ್ಕೆ ಉಂಟು. ಅದನ್ನು ಆನ್ ಮಾಡಿ. ಇಲ್ಲದಿದ್ದರೆ ಅಪ್ಪನ ಆ ದಿನದ ಡೇಟಾ ಮಧ್ಯಾಹ್ನಕ್ಕೇ ಖಾಲಿ!

6. ಕಾಗದದ ಪ್ರತಿ. ಕೂಡಿಸು ಚಿಹ್ನೆಯಲ್ಲೇ ಸ್ಕ್ಯಾನ್ ಅಂತ ಇದೆ. ನೋಟ್ ಪುಸ್ತಕದ ಪುಟವನ್ನು ಕ್ಯಾಮರಾದಿಂದ ಹಿಡಿದರೆ ಪಿಡಿಎಫ್ ಆಗಿ ಡ್ರೈವಿಗೆ ಸೇರುತ್ತದೆ. ಆ ಹುಡುಗಿಯ ರಫ್ ಪುಸ್ತಕದ ಪುಟಗಳನ್ನು ನಾವು ಮೊದಲು ಉಳಿಸಿದ್ದು ಹೀಗೆಯೇ.

7. ನೆಟ್ ಇಲ್ಲದಾಗ. ಮಳೆಗೆ ಕರೆಂಟೂ ನೆಟ್ಟೂ ಒಟ್ಟಿಗೇ ಹೋಗುವ ಊರುಗಳು ನಮ್ಮವು. ಬೇಕಾದ ಫೈಲಿನ ಪಕ್ಕದ ಮೂರು ಚುಕ್ಕಿ ಒತ್ತಿ, ಆಫ್‌ಲೈನ್‌ನಲ್ಲೂ ಸಿಗುವ ಹಾಗೆ ಮಾಡಿಕೊಳ್ಳಿ. ಕೇರಳದ ಎಸ್‌ಸಿಇಆರ್‌ಟಿಯ ಕನ್ನಡ ಮಾಧ್ಯಮ ಪಠ್ಯಪುಸ್ತಕಗಳ ಪಿಡಿಎಫ್ ನೆಟ್ಟಿನಲ್ಲಿ ಸಿಗುತ್ತದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯವರಿಗೆ ಬಾಲಭಾರತಿಯ ಕನ್ನಡ ಪುಸ್ತಕಗಳೂ ಹಾಗೆಯೇ ಸಿಗುತ್ತವೆ. ಅಚ್ಚಾದ ಪುಸ್ತಕ ಕೈಗೆ ಬರುವ ಮೊದಲೇ ಪಾಠ ಓದಲು ಇದೊಂದು ದಾರಿ.

ಪ್ರತಿ ಬೇರೆ, ಸಿಂಕ್ ಬೇರೆ

ಈ ಪಾಠದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ನಿಧಾನವಾಗಿ ಓದಿ.

ಟ್ಯಾಬ್ಲೆಟ್ಟಿನ ಒಂದು ಫೈಲನ್ನು ಡ್ರೈವಿಗೆ ಅಪ್‌ಲೋಡ್ ಮಾಡಿದಾಗ ಅದರ ಪ್ರತಿಯೊಂದು ಅಲ್ಲಿಗೆ ಹೋಗುತ್ತದೆ, ಮೂಲ ಟ್ಯಾಬ್ಲೆಟ್ಟಿನಲ್ಲೇ ಉಳಿಯುತ್ತದೆ. ಆಮೇಲೆ ಎರಡಕ್ಕೂ ಸಂಬಂಧ ಇಲ್ಲ. ಸೋಮವಾರ ಅಪ್‌ಲೋಡ್ ಮಾಡಿ, ಮಂಗಳವಾರದ ಮಳೆಯನ್ನು ಟ್ಯಾಬ್ಲೆಟ್ಟಿನ ಫೈಲಿಗೆ ಸೇರಿಸಿದರೆ ಡ್ರೈವಿನಲ್ಲಿರುವುದು ಸೋಮವಾರದ್ದೇ. "ಅಪ್‌ಲೋಡ್ ಮಾಡಿದ್ದೇನಲ್ಲ" ಅಂತ ನಿಶ್ಚಿಂತೆಯಿಂದ ಇದ್ದರೆ ಮೋಸಹೋಗುತ್ತೀರಿ.

ಕೋಷ್ಟಕವನ್ನು ಗೂಗಲ್ ಶೀಟ್ಸ್‌ನಲ್ಲೇ ಮಾಡಿದರೆ ಮಾತು ಬೇರೆ. ಆ ಫೈಲು ಇರುವುದೇ ಡ್ರೈವಿನಲ್ಲಿ. ನೀವು ಒಂದು ಅಂಕಿ ಬರೆದರೆ ಅಲ್ಲಿಯೂ ಬದಲಾಗುತ್ತದೆ. ಆಫ್‌ಲೈನ್ ಮಾಡಿಕೊಂಡಿದ್ದರೆ ನೆಟ್ ಇಲ್ಲದಾಗಲೂ ಬರೆಯಬಹುದು, ನೆಟ್ ಬಂದ ಮೇಲೆ ಹೋಗಿ ಸೇರಿಕೊಳ್ಳುತ್ತದೆ. ಹೀಗೆ ಎರಡೂ ಕಡೆ ಒಂದೇ ಸಮ ಇರುವ ಹಾಗೆ ನೋಡಿಕೊಳ್ಳುವುದಕ್ಕೆ ಸಿಂಕ್ ಎನ್ನುತ್ತೇವೆ.

ಸಿಂಕ್ ಒಳ್ಳೆಯದೇ. ಆದರೆ ಅದು ಕನ್ನಡಿಯ ಹಾಗೆ. ನೀವು ಅಳಿಸಿದರೆ ಅದೂ ಅಳಿಸುತ್ತದೆ! ಬ್ಯಾಕಪ್ ಆನ್ ಇರುವ ಗೂಗಲ್ ಫೋಟೋಸ್‌ನಲ್ಲಿ ಇದು ದಿನಾ ನಡೆಯುವ ಅವಾಂತರ. ಟ್ಯಾಬ್ಲೆಟ್ಟಿನಲ್ಲಿ ಜಾಗ ಇಲ್ಲ ಅಂತ ಆ ಆ್ಯಪಿನೊಳಗೆ ಫೋಟೋ ಅಳಿಸಿದರೆ ಕ್ಲೌಡಿನಿಂದಲೂ ಹೋಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಮಾತ್ರ ಜಾಗ ಖಾಲಿ ಮಾಡುವುದಕ್ಕೆ ಅದರಲ್ಲೇ ಬೇರೆ ಆಯ್ಕೆ ಉಂಟು, ಅದನ್ನು ಬಳಸಿ. ತಪ್ಪಿ ಅಳಿಸಿದರೆ ಗಾಬರಿಯಾಗದೆ ಅನುಪಯುಕ್ತದ ಬುಟ್ಟಿ ನೋಡಿ. ಡ್ರೈವಿನದ್ದು ಅಲ್ಲಿ 30 ದಿನ ಇರುತ್ತದೆ. ಬ್ಯಾಕಪ್ ಆದ ಫೋಟೋಗಳು 60 ದಿನ ಇರುತ್ತವೆ. ಆಮೇಲೆ ಇಲ್ಲ.

ಇನ್ನೊಂದು ವಿಷಯ. ಎರಡು ವರ್ಷ ಮುಟ್ಟದೇ ಬಿಟ್ಟ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ಹತ್ತನೇ ತರಗತಿ ಮುಗಿಯಿತು ಅಂತ ಖಾತೆಯನ್ನು ಮರೆತುಬಿಡಬೇಡಿ.

ಹಂಚುವಾಗ, ಮುಚ್ಚುವಾಗ

ಗುಂಪಿನ ಪ್ರಾಜೆಕ್ಟಾದರೆ ಫೋಲ್ಡರನ್ನು ಗೆಳೆಯರ ಜೊತೆ ಹಂಚಿಕೊಳ್ಳಬಹುದು. ಯಾರಿಗೆ ಯಾವ ಅಧಿಕಾರ ಅಂತ ನೀವೇ ತೀರ್ಮಾನಿಸಬೇಕು. ಕೆಲವರು ನೋಡಿದರೆ ಸಾಕು, ಕೆಲವರು ಟಿಪ್ಪಣಿ ಬರೆಯಬಹುದು, ಬರೆದದ್ದನ್ನು ತಿದ್ದುವ ಅಧಿಕಾರ ಅಂಕಿ ದಾಖಲಿಸುವವರಿಗೆ ಮಾತ್ರ. "ಲಿಂಕ್ ಇರುವ ಯಾರಾದರೂ" ಎಂಬ ಆಯ್ಕೆ ಬೇಡ. ಆ ಲಿಂಕ್ ವಾಟ್ಸಾಪಿನಲ್ಲಿ ಎಲ್ಲಿಯ ತನಕ ಹೋಗುತ್ತದೆ ಅಂತ ಯಾರಿಗೂ ಹೇಳಲಿಕ್ಕಾಗದು. ಗೆಳೆಯರ ಫೋಟೋ ಇದ್ದರೆ ಅವರನ್ನು ಕೇಳದೆ ಹಂಚಬೇಡಿ. ಆಧಾರ್, ಬ್ಯಾಂಕ್ ಪುಸ್ತಕದ ಫೋಟೋ ಹಂಚಿದ ಫೋಲ್ಡರಿನಲ್ಲಿ ಇರಲೇಬಾರದು.

ಶಾಲೆಯ ಟ್ಯಾಬ್ಲೆಟ್ಟಿನಲ್ಲಿ ನಿಮ್ಮ ಖಾತೆ ತೆರೆದಿದ್ದರೆ ಕೆಲಸ ಮುಗಿದ ಮೇಲೆ ಖಾತೆಯನ್ನು ತೆಗೆದುಹಾಕಿ. ಪರದೆ ಆಫ್ ಮಾಡಿದರೆ ಸಾಲದು. ನಿಮ್ಮ ನಂತರ ಅದನ್ನು ಹಿಡಿಯುವವನಿಗೆ ನಿಮ್ಮ ಮನೆಯ ಬಾಗಿಲು ತೆರೆದಿಟ್ಟ ಹಾಗೆ ಆಗುತ್ತದೆ.

ಮಾಡಿ ನೋಡಿ

ಒಂದು ಫೋಟೋವನ್ನು ಡ್ರೈವಿಗೆ ಅಪ್‌ಲೋಡ್ ಮಾಡಿ. ಟ್ಯಾಬ್ಲೆಟ್ಟನ್ನು ಏರೋಪ್ಲೇನ್ ಮೋಡಿಗೆ ಹಾಕಿ ಅದನ್ನು ಡ್ರೈವಿನಲ್ಲಿ ತೆರೆಯಲು ನೋಡಿ. ಆಮೇಲೆ ನೆಟ್ ಹಾಕಿ, ಅದನ್ನು ಆಫ್‌ಲೈನ್ ಮಾಡಿ, ಪುನಃ ಏರೋಪ್ಲೇನ್ ಮೋಡಿನಲ್ಲಿ ತೆರೆಯಿರಿ. ಏನು ವ್ಯತ್ಯಾಸ ಕಂಡಿತು? ಕೊನೆಗೆ ಬೇರೊಂದು ಫೋನಿನಲ್ಲಿ ನಿಮ್ಮ ಖಾತೆಯಿಂದ ಅದೇ ಫೋಟೋ ತೆರೆದು ನೋಡಿ. ತೆರೆದು ನೋಡುವ ತನಕ ಪ್ರತಿ ಇದೆ ಅಂತ ನಂಬಬೇಡಿ.

ಯೋಚಿಸಿ ಉತ್ತರಿಸಿ

1. 200 ಎಂಬಿಯ ಒಂದು ವಿಡಿಯೋ ಸೆಕೆಂಡಿಗೆ 2 ಮೆಗಾಬಿಟ್ ವೇಗದಲ್ಲಿ ಹೋಗಲು ಎಷ್ಟು ನಿಮಿಷ ಬೇಕು?
2. ಒಂದು ಫೈಲು ಟ್ಯಾಬ್ಲೆಟ್ಟಿನಲ್ಲೂ ಅದರ ಮೆಮೊರಿ ಕಾರ್ಡಿನಲ್ಲೂ ಇದೆ. ಟ್ಯಾಬ್ಲೆಟ್ ಕಳೆದುಹೋಯಿತು. ಎಷ್ಟು ಪ್ರತಿ ಉಳಿಯಿತು?
3. ನಿಮ್ಮ ಮನೆಯಲ್ಲಿ ಒಂದೇ ಒಂದು ಪ್ರತಿ ಇರುವ, ಪುನಃ ಪಡೆಯಲಿಕ್ಕಾಗದ ಮೂರು ವಸ್ತುಗಳನ್ನು ಪಟ್ಟಿ ಮಾಡಿ. ಅಜ್ಜಿಯ ಹಳೆಯ ಫೋಟೋ ಒಂದಿರಬಹುದು.

ಶಾಸ್ತ್ರೋತ್ಸವಕ್ಕೆ ನಾವು 31 ದಿನದ ಲೆಕ್ಕವನ್ನೇ ಕೊಂಡೊಯ್ದೆವು. ನಕ್ಷೆಯಲ್ಲಿ 21 ಜಾಗಗಳನ್ನು ಖಾಲಿ ಬಿಟ್ಟೆವು, ಅಂದಾಜಿನಿಂದ ತುಂಬಲಿಲ್ಲ. ಕಾರಣ ಕೇಳಿದ ತೀರ್ಪುಗಾರರಿಗೆ ಮಕ್ಕಳು ನಡೆದದ್ದನ್ನು ನಡೆದ ಹಾಗೆ ಹೇಳಿದರು.

ಈಗ ನಮ್ಮ ಮಳೆಯ ಲೆಕ್ಕ ಮೂರು ಕಡೆ ಇರುತ್ತದೆ: ಟ್ಯಾಬ್ಲೆಟ್ಟಿನಲ್ಲಿ, ಡ್ರೈವಿನಲ್ಲಿ, ರಫ್ ಪುಸ್ತಕದಲ್ಲಿ. ಮೂರನೆಯದನ್ನು ಬಿಡೋಣವೇ ಅಂತ ಒಬ್ಬ ಕೇಳಿದ. ಬೇಡ ಅಂದೆ. ಅದಕ್ಕೆ ಚಾರ್ಜು ಬೇಡ, ಪಾಸ್‌ವರ್ಡೂ ಬೇಡ. ಕಳೆದ ವರ್ಷ ನಮ್ಮನ್ನು ಉಳಿಸಿದ್ದು ಅದೇ ಅಲ್ವಾ?